ನಾಲ್ಕು ಬಫರುಗಳ ತಂಬೂರಿ

ತಂಬೂರಿಯ ಮೇಲೆ ಯಾರೂ ರಾಗ ನುಡಿಸುವುದಿಲ್ಲ. ಮೆಟ್ಟಿಲುಗಳಿಲ್ಲದ ಉದ್ದನೆಯ ದಂಡಿ, ನಾಲ್ಕು ತಂತಿ. ಮೊದಲನೆಯದಕ್ಕೆ ನಡುಬೆರಳು, ಉಳಿದ ಮೂರಕ್ಕೆ ತೋರುಬೆರಳು. ಪ, ಸ, ಸ, ಸ ಎಂದು ಒಂದರ ಹಿಂದೆ ಒಂದನ್ನು ಮೀಟುತ್ತಾ ಹೋಗುವುದಷ್ಟೇ ಕೆಲಸ. ಪ್ರೋಗ್ರಾಂ ಬರೆಯುವವರ ಕಣ್ಣಿಗೆ ಇದು ನಾಲ್ಕು ಸಾಲಿನ ಲೂಪ್. ಆ ಲೂಪ್ ಬರೆಯುವುದು ನಿಜಕ್ಕೂ ಸುಲಭ. ಬಿಡುವಿನ ಸಂಜೆಗಳನ್ನೆಲ್ಲ ತೆಗೆದುಕೊಂಡದ್ದು ಅದರೊಳಗಿನ ನಾದ. ಯಾವ ಧ್ವನಿಮುದ್ರಣವನ್ನೂ ಬಳಸದೆ, ಬರೀ ಲೆಕ್ಕದಿಂದಲೇ ತಂಬೂರಿಯನ್ನು ಬ್ರೌಸರಿನಲ್ಲಿ ನುಡಿಸಬೇಕೆಂದು ಹೊರಟು ಕಟ್ಟಿದ್ದರ ದಾಖಲೆ ಇದು.

ಏಕೆ ಬೇಕಾಯಿತು ಎಂಬುದನ್ನು ಮೊದಲು ಹೇಳುತ್ತೇನೆ. ದಿನವಿಡೀ ಕೋಡ್ ಬರೆಯುವ ನನ್ನ ಪಕ್ಕದಲ್ಲಿ ಸಂಗೀತ ಇದ್ದೇ ಇರುತ್ತದೆ. ಆದರೆ ಎಲ್ಲ ಕೆಲಸಕ್ಕೂ ಎಲ್ಲ ಸಂಗೀತ ಒಗ್ಗುವುದಿಲ್ಲ. ಬೇರೆಯವರು ಬರೆದ ದೊಡ್ಡ ಕೋಡನ್ನು ಓದಿ ಅರ್ಥ ಮಾಡಿಕೊಳ್ಳುವಾಗ ಕಿರಾಣಾ ಘರಾಣೆಯ ವಿಲಂಬಿತ ಖ್ಯಾಲ್ ಹಾಕಿಕೊಳ್ಳುತ್ತೇನೆ. ಗಂಗೂಬಾಯಿ ಹಾನಗಲ್ಲರಾಗಲಿ, ಭೀಮಸೇನ ಜೋಶಿಯವರಾಗಲಿ ಒಂದು ಸ್ವರದ ಮೇಲೆ ನಿಂತು, ಅದನ್ನು ಎಲ್ಲ ಬದಿಯಿಂದಲೂ ನೋಡಿ, ಅವಸರವಿಲ್ಲದೆ ಮುಂದಿನದಕ್ಕೆ ಕಾಲಿಡುವ ರೀತಿ ನನ್ನ ಓದಿನ ಗತಿಯನ್ನೂ ಹದಕ್ಕೆ ತರುತ್ತದೆ. ಮಲ್ಲಿಕಾರ್ಜುನ ಮನ್ಸೂರರನ್ನು ಮಾತ್ರ ಕೆಲಸದ ನಡುವೆ ಕೇಳುವುದಿಲ್ಲ. ಜೈಪುರ-ಅತ್ರೌಲಿ ಘರಾಣೆಯ ಅಪರೂಪದ ಜೋಡುರಾಗಗಳು, ಲಯಕ್ಕೆ ಅಂಟಿಕೊಂಡೇ ಸುತ್ತುವ ತಾನುಗಳು ಕಿವಿಯನ್ನು ಇಡಿಯಾಗಿ ಕೇಳುತ್ತವೆ. ಆ ಗಾಯನವನ್ನು ಹಿನ್ನೆಲೆಗೆ ತಳ್ಳುವುದು ನನಗೆ ಒಪ್ಪಿಗೆಯಿಲ್ಲ. ವಚನ, ದಾಸರ ಪದಗಳೂ ಅಷ್ಟೇ. ಫಂಕ್ಷನ್ನಿಗೆ ಒಂದು ಒಳ್ಳೆಯ ಹೆಸರು ಹುಡುಕುತ್ತಿರುವಾಗ ಕಿವಿಯೊಳಗೆ ಅರ್ಥವಾಗುವ ಮಾತು ಸುಳಿದರೆ ಹೆಸರು ಓಡಿಹೋಗುತ್ತದೆ.

ಇನ್ನು ದೋಷ ಹುಡುಕುವ ಹೊತ್ತಿನಲ್ಲಿ ಒಗ್ಗುವುದು ತಂಬೂರಿಯೊಂದೇ. ಅದು ಏನನ್ನೂ ಹೇಳುವುದಿಲ್ಲ, ಆದರೆ ಕೋಣೆಯನ್ನು ತುಂಬಿಕೊಂಡಿರುತ್ತದೆ. ಧ್ವನಿಮುದ್ರಿಸಿದ ತುಣುಕನ್ನು ಮತ್ತೆ ಮತ್ತೆ ಸುತ್ತಿಸುವ ತಂಬೂರಿಗಳು ಸಾಕಷ್ಟು ಸಿಗುತ್ತವೆ. ಗಮನವಿಟ್ಟು ಕೆಲಸ ಮಾಡುವ ಕಿವಿಗೆ ಅವು ಸಾಲುವುದಿಲ್ಲ. ಪಂಚಮದ ಮೀಟಿನಲ್ಲಿ ಉಗುರು ತಾಕಿದ ಒಂದು ಸಣ್ಣ ಸದ್ದು ಇದ್ದರೆ ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ, ಅಷ್ಟೇ ಪ್ರಮಾಣದಲ್ಲಿ ಬರುತ್ತದೆ. ಅದನ್ನು ಒಮ್ಮೆ ಗುರುತಿಸಿದ ಮೇಲೆ ಮನಸ್ಸು ನಾದವನ್ನು ಬಿಟ್ಟು ಅದನ್ನೇ ಕಾಯತೊಡಗುತ್ತದೆ. ಹಾಗಾಗಿ ನನಗೆ ಬೇಕಾಗಿದ್ದದ್ದು ಇಷ್ಟು: ಶ್ರುತಿ ಕೂದಲೆಳೆಯಷ್ಟೂ ಅಲುಗಬಾರದು, ಆದರೆ ಯಾವ ಎರಡು ಸುತ್ತುಗಳೂ ಒಂದೇ ಆಗಿರಬಾರದು. ಇಡೀ ಕೆಲಸ ಈ ಎರಡು ಬೇಡಿಕೆಗಳ ನಡುವಿನ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬ ಪ್ರಶ್ನೆಯ ಸುತ್ತ ನಡೆಯಿತು.

ತಂತಿ

ಅಡಿಪಾಯ ಹಳೆಯದು, ಸೊಗಸಾದದ್ದು. 1983ರಲ್ಲಿ ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸಾಂಡರ್ ಸ್ಟ್ರಾಂಗ್ ಪ್ರಕಟಿಸಿದ ವಿಧಾನ. ಒಂದು ಬಫರನ್ನು, ಅಂದರೆ ಸಂಖ್ಯೆಗಳನ್ನು ಹಿಡಿದಿಡುವ ಮನೆಗಳ ಸಾಲನ್ನು, ಮನಬಂದ ಸಂಖ್ಯೆಗಳಿಂದ ತುಂಬಬೇಕು. ಒಂದೊಂದೇ ಸಂಖ್ಯೆಯನ್ನು ಹೊರಗೆ ಕಳುಹಿಸುತ್ತಾ, ಅಕ್ಕಪಕ್ಕದ ಎರಡರ ಸರಾಸರಿಯನ್ನು ಮತ್ತೆ ಬಫರಿನ ಬಾಲಕ್ಕೆ ಸೇರಿಸಬೇಕು. ಬಫರಿನ ಉದ್ದ ತಂತಿಯ ಉದ್ದವಿದ್ದಂತೆ. ಸರಾಸರಿ ತೆಗೆಯುವುದರಿಂದ ಎತ್ತರದ ಹಾರ್ಮೋನಿಕ್‌ಗಳು ಬೇಗ ಕರಗುತ್ತವೆ, ತಗ್ಗಿನವು ಉಳಿಯುತ್ತವೆ. ಹಾರ್ಮೋನಿಕ್ ಎಂದರೆ ಮೂಲಸ್ವರದ ಎರಡು, ಮೂರು, ನಾಲ್ಕು ಪಟ್ಟು ವೇಗದಲ್ಲಿ ಕಂಪಿಸುವ ಉಪಸ್ವರ. ಮೀಟಿದ ತಂತಿಯಲ್ಲಿ ಆಗುವುದೂ ಅದೇ. ಹತ್ತು ಹದಿನೈದು ಸಾಲಿನ ಕೋಡ್. ಮೊದಲ ಸಲ ನುಡಿದಾಗ ಬರುವ ದನಿ ಅಗ್ಗದ ಗಿಟಾರಿನದಾದರೂ, ಶಬ್ದದ ಗದ್ದಲವೊಂದು ತಾನಾಗಿ ಸ್ವರವಾಗುವುದನ್ನು ಕೇಳುವಾಗ ಮೈ ಜುಮ್ಮೆನ್ನುತ್ತದೆ.

ಶ್ರುತಿಗೆ ಹಾರ್ಮೋನಿಯಂನ ಕಪ್ಪು ಒಂದನ್ನು, ಅಂದರೆ ಒಂದೂವರೆ ಮನೆಯನ್ನು ಆರಿಸಿಕೊಂಡೆ. ಮಧ್ಯ ಷಡ್ಜ 138.59 ಹರ್ಟ್ಜ್, ಮಂದ್ರ ಷಡ್ಜ 69.30, ಪಂಚಮ ಮಂದ್ರದ ಒಂದೂವರೆ ಪಟ್ಟು, 103.94. ಈಗ ಮೊದಲ ತೊಡಕು. ಬಫರಿನ ಉದ್ದ ಎಂದರೆ ಸ್ಯಾಂಪಲ್ ದರವನ್ನು, ಅಂದರೆ ಸೆಕೆಂಡಿಗೆ ಹೊರಹೋಗುವ ಸಂಖ್ಯೆಗಳ ಎಣಿಕೆಯನ್ನು, ಕಂಪನಾಂಕದಿಂದ ಭಾಗಿಸಿ, ಸರಾಸರಿಯಿಂದಾಗುವ ಅರ್ಧ ಸ್ಯಾಂಪಲ್ ವಿಳಂಬವನ್ನು ಕಳೆದದ್ದು. ಸೆಕೆಂಡಿಗೆ 44,100 ಸ್ಯಾಂಪಲ್ ಇದ್ದರೆ ಮಧ್ಯ ಷಡ್ಜಕ್ಕೆ 317.70 ಬರುತ್ತದೆ. ಬಫರಿನಲ್ಲಿ ಮುಕ್ಕಾಲು ಮನೆ ಎಂಬುದಿಲ್ಲ. 318 ಎಂದು ಇಟ್ಟರೆ ಸ್ವರ 138.46ಕ್ಕೆ ಇಳಿಯುತ್ತದೆ. ಮಂದ್ರಕ್ಕೆ 635.91ರ ಬದಲು 636 ಇಟ್ಟರೆ ಅದರ ಎರಡನೆಯ ಹಾರ್ಮೋನಿಕ್ 138.57. ಎರಡು ಷಡ್ಜಗಳ ನಡುವೆ 0.11 ಹರ್ಟ್ಜ್ ಅಂತರ ಉಳಿಯಿತು: ಒಂಬತ್ತು ಸೆಕೆಂಡಿಗೊಮ್ಮೆ ದನಿ ಏರಿ ಇಳಿಯುವ ನಿಧಾನವಾದ ತೂಗಾಟ. ಮೇಲಿನ ಹಾರ್ಮೋನಿಕ್‌ಗಳಲ್ಲಿ ಅದೇ ತೂಗಾಟ ವೇಗ ಪಡೆದು, ಎಂಟನೆಯದರಲ್ಲಿ ಹೆಚ್ಚು ಕಡಿಮೆ ಸೆಕೆಂಡಿಗೊಂದಾಗುತ್ತದೆ.

ಕೇಳಲು ಅದು ಕೆಟ್ಟದಾಗಿಲ್ಲ ಎಂಬುದೇ ಇಲ್ಲಿ ಸೋಜಿಗ. ನಿಜವಾದ ತಂಬೂರಿಯಲ್ಲೂ ಇಂಥ ತೂಗಾಟ ಇರುತ್ತದೆ. ಹಾಗಿದ್ದರೆ ಬಿಟ್ಟುಬಿಡಬಹುದಲ್ಲ ಎಂದು ಯಾರಾದರೂ ಕೇಳಬಹುದು. ನಾನು ಬಿಡಲಿಲ್ಲ. ಆ ತೂಗಾಟ ನಾನು ಕೇಳಿ ಆರಿಸಿದ್ದಲ್ಲ, ಪೂರ್ಣಾಂಕಕ್ಕೆ ತಿರುಗಿಸಿದ ಲೆಕ್ಕ ತಂದಿಟ್ಟದ್ದು. ಶ್ರುತಿಯನ್ನು ಪಕ್ಕದ ಮನೆಗೆ ಏರಿಸಿದರೆ ಅದರ ವೇಗ ಇನ್ನೊಂದಾಗುತ್ತದೆ, ಮತ್ತೊಂದು ಮನೆಯಲ್ಲಿ ಮಾಯವೇ ಆಗಬಹುದು. ತಂತ್ರಾಂಶದ ಕೆಲಸದಲ್ಲಿ ನನಗೆ ಅತ್ಯಂತ ಅಪಾಯಕಾರಿ ಎನಿಸುವುದು ಈ ಬಗೆಯ ಗುಣವೇ: ಆಕಸ್ಮಿಕವಾಗಿ ಚೆನ್ನಾಗಿರುವುದು. ಅದರ ಮೇಲೆ ಏನನ್ನೂ ಕಟ್ಟಲಾಗುವುದಿಲ್ಲ. ಬೇಕಾದ ಏರುಪೇರನ್ನು ನಾವೇ ಇಡಬೇಕು, ಅದಕ್ಕೂ ಮೊದಲು ಬೇಡದ್ದನ್ನು ಪೂರ್ತಿ ತೆಗೆಯಬೇಕು.

ತೆಗೆಯುವ ದಾರಿ ಭಿನ್ನಾಂಕ ವಿಳಂಬ. ಬಫರಿನ ಎರಡು ಮನೆಗಳ ನಡುವಿನ ಬೆಲೆಯನ್ನು ಊಹಿಸಿ ಓದುವುದು. ಎರಡೇ ಬಿಂದುಗಳನ್ನು ನೇರ ಗೆರೆಯಿಂದ ಜೋಡಿಸಿದರೆ ಎತ್ತರದ ಹಾರ್ಮೋನಿಕ್‌ಗಳು ಇನ್ನಷ್ಟು ಮಂಕಾಗುತ್ತವೆ, ತಂಬೂರಿಗೆ ಅದು ಆಗದು. ಆಲ್‌ಪಾಸ್ ಫಿಲ್ಟರ್ ಎಲ್ಲ ಕಂಪನಗಳನ್ನೂ ಅಷ್ಟೇ ಜೋರಿನಲ್ಲಿ ದಾಟಿಸಿ ಪ್ರಖರತೆಯನ್ನು ಉಳಿಸುತ್ತದೆ, ಆದರೆ ವಿಳಂಬವನ್ನು ನುಡಿಯುವಾಗಲೇ ಬದಲಿಸಿದರೆ ಚಟಪಟ ಸದ್ದು ಮಾಡುತ್ತದೆ. ವಿಳಂಬವನ್ನು ಪ್ರತಿ ಸ್ಯಾಂಪಲ್‌ನಲ್ಲೂ ಬದಲಿಸಬೇಕಾಗುತ್ತದೆಂದು ನನಗೆ ಮೊದಲೇ ಗೊತ್ತಿದ್ದುದರಿಂದ ನಾಲ್ಕು ಬಿಂದುಗಳ ಮೂಲಕ ಹಾಯುವ ವಕ್ರರೇಖೆಯಿಂದ ನಡುವಿನ ಬೆಲೆ ಹೇಳುವ ಲಗ್ರಾಂಜ್ ಸೂತ್ರವನ್ನು ಹಿಡಿದೆ. ಅದಾದ ಮೇಲೆ ನಾಲ್ಕೂ ತಂತಿಗಳು ಸೆಂಟ್‌ನ ಹತ್ತನೆಯ ಒಂದು ಭಾಗದೊಳಗೆ ಕೂತವು. ಒಂದು ಸೆಂಟ್ ಎಂದರೆ ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗೆ ಇರುವ ದೂರದ ನೂರನೆಯ ಒಂದು ಪಾಲು.

ಆಮೇಲೆ ನನ್ನ ಏರುಪೇರನ್ನು ಇಟ್ಟೆ. ನಡುವಿನ ಎರಡು ತಂತಿಗಳಾದ ಸಾರಣಿ, ಅನುಸಾರಣಿ ಎರಡೂ ಮಧ್ಯ ಷಡ್ಜವೇ, ಅನುಸಾರಣಿಯನ್ನು 0.4 ಸೆಂಟ್ ಮೇಲಕ್ಕೆ ಸರಿಸಿದೆ. ಎರಡರ ನಡುವಿನ ತೂಗಾಟ ಸುಮಾರು ಅರ್ಧ ನಿಮಿಷಕ್ಕೊಂದು ಸುತ್ತು ಬರುತ್ತದೆ. ಇದನ್ನು ಯಾರೂ ಗುರುತಿಸಿ ಹೇಳಲಾರರು, ಆದರೆ ತೆಗೆದುಹಾಕಿದರೆ ನಾದ ಚಪ್ಪಟೆಯಾಗುತ್ತದೆ.

ತಂತಿ ಎಷ್ಟು ಹೊತ್ತು ನುಡಿಯಬೇಕೆಂಬುದು ಸರಳ ಲೆಕ್ಕ. ನಾದ 60 ಡೆಸಿಬೆಲ್ ಇಳಿಯಲು ಎಂಟು ಸೆಕೆಂಡು ಬೇಕೆಂದರೆ ಮಂದ್ರದ ಪ್ರತಿ ಸುತ್ತಿಗೆ 0.9876ರಿಂದ, ಮಧ್ಯ ಷಡ್ಜಕ್ಕೆ 0.9938ರಿಂದ ಗುಣಿಸಬೇಕು. ಸರಾಸರಿಯಲ್ಲಿ ಎರಡೂ ಸ್ಯಾಂಪಲ್‌ಗಳಿಗೆ ಸಮಪಾಲು ಕೊಡುವುದನ್ನು ಬಿಟ್ಟು, ಹೊಸದಕ್ಕೆ ಹತ್ತರಲ್ಲಿ ಒಂಬತ್ತು ಪಾಲು ಕೊಟ್ಟೆ. ಹೊಳಪು ಉಳಿಯಿತು, ವಿಳಂಬದ ಲೆಕ್ಕದಲ್ಲಿ ಅರ್ಧ ಸ್ಯಾಂಪಲ್ ಇದ್ದಲ್ಲಿ ಹತ್ತನೆಯ ಒಂದು ಸ್ಯಾಂಪಲ್ ಬಂತು.

ಮೀಟುವಾಗ ಬಫರನ್ನು ಅಳಿಸಿ ಮತ್ತೆ ತುಂಬಬಾರದು. ಹಳೆಯ ಕಂಪನ ಇರುವಾಗಲೇ ಬೆರಳು ಬಂದು ತಾಕುತ್ತದೆ. ತುಸು ಹೊತ್ತು ಅದನ್ನು ಅಡಗಿಸಿ, ಉಳಿದುದರ ಮೇಲೆ ಹೊಸ ಮೀಟನ್ನು ಕೂಡಿಸಬೇಕು. ಇಷ್ಟರಿಂದಲೇ ಪ್ರತಿ ಮೀಟೂ ಬೇರೆಯಾಗುತ್ತದೆ, ಏಕೆಂದರೆ ಹೊಸ ಕಂಪನ ಹಳೆಯದರ ಯಾವ ಹಂತಕ್ಕೆ ಬಂದು ಸೇರುತ್ತದೆ ಎಂಬುದು ಪ್ರತಿ ಸಲವೂ ಬೇರೆ. ಯಾದೃಚ್ಛಿಕ ಸಂಖ್ಯೆಯ ಹಂಗಿಲ್ಲದೆ ಸಿಕ್ಕ ವೈವಿಧ್ಯ ಇದು.

ಜವಾರಿ

ಇಲ್ಲಿಯವರೆಗೆ ಕಟ್ಟಿದ್ದು ಶ್ರುತಿಬದ್ಧ ತಂತಿವಾದ್ಯ, ತಂಬೂರಿಯಲ್ಲ. ತಂಬೂರಿಯನ್ನು ತಂಬೂರಿಯಾಗಿಸುವುದು ಅದರ ಕುದುರೆ, ಅಂದರೆ ಬುರುಡೆಯ ಮೇಲೆ ತಂತಿಗಳನ್ನು ಹೊರುವ ಪಟ್ಟಿ. ಉಳಿದ ಅನೇಕ ವಾದ್ಯಗಳಲ್ಲಿ ತಂತಿ ಚೂಪಾದ ಅಂಚಿನ ಮೇಲೆ ಕೂರುತ್ತದೆ. ತಂಬೂರಿಯ ಕುದುರೆ ಅಗಲ, ಮೇಲ್ಮೈಗೆ ಮೆಲ್ಲನೆಯ ಬಾಗು. ತಂತಿ ಕಂಪಿಸುವಾಗ ಆ ಬಾಗಿಗೆ ಸವರಿಕೊಂಡು, ಬಿಟ್ಟು, ಮತ್ತೆ ಸವರಿಕೊಳ್ಳುತ್ತದೆ. ತಂತಿಗೂ ಕುದುರೆಗೂ ನಡುವೆ ತೂರಿಸಿದ ದಾರದ ಎಳೆಯನ್ನು, ಜೀವಾಳವನ್ನು, ಒಂದಿಷ್ಟೇ ಹಿಂದೆ ಮುಂದೆ ಸರಿಸಿದರೆ ತಂತಿ ಎಲ್ಲಿ ಸವರಬೇಕೆಂಬುದು ಬದಲಾಗುತ್ತದೆ. ಒಂದು ಜಾಗದಲ್ಲಿ ಇಡೀ ವಾದ್ಯ ತೆರೆದುಕೊಂಡು ಝೇಂಕರಿಸುತ್ತದೆ, ಕೂದಲಷ್ಟು ಆಚೆಗೆ ಹೋದರೆ ಮುಚ್ಚಿಕೊಳ್ಳುತ್ತದೆ. ಆ ಝೇಂಕಾರಕ್ಕೇ ಜವಾರಿ ಎನ್ನುವುದು.

ಇದರ ವಿಜ್ಞಾನವನ್ನು ಮೊದಲು ಗಂಭೀರವಾಗಿ ನೋಡಿದವರಲ್ಲಿ ಸಿ.ವಿ. ರಾಮನ್ ಒಬ್ಬರು. ಬೆಳಕಿನ ಚದುರಿಕೆಯ ಕೆಲಸಕ್ಕಾಗಿ 1930ರಲ್ಲಿ ನೊಬೆಲ್ ಬರುವುದಕ್ಕೆ ಬಹಳ ಮೊದಲೇ, 1921ರಲ್ಲಿ, ಅವರು ವೀಣೆ ಮತ್ತು ತಂಬೂರಿಗಳ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದುವಿನಲ್ಲಿ ಅಲುಗದೆ ನಿಲ್ಲುವ ಹಾರ್ಮೋನಿಕ್‌ಗಳು ಹುಟ್ಟಲಾರವು ಎಂಬುದು ಥಾಮಸ್ ಯಂಗ್‌ನ ಕಾಲದಿಂದ ಬಂದ ನಿಯಮ. ಸರಿಯಾಗಿ ನಡುವೆ ಮೀಟಿದರೆ ಎರಡು, ನಾಲ್ಕು, ಆರನೆಯ ಹಾರ್ಮೋನಿಕ್‌ಗಳು ಇರಬಾರದು. ತಂಬೂರಿಯಲ್ಲಿ ಅವು ಇರುತ್ತವೆ, ಅದೂ ಗಟ್ಟಿಯಾಗಿ. ಕುದುರೆಯ ಬಾಗು ಆ ನಿಯಮವನ್ನು ಮುರಿಯುತ್ತದೆ ಎಂದು ರಾಮನ್ ತೋರಿಸಿದರು.

ಕೋಡಿನಲ್ಲಿ ನಾನು ಹಿಡಿದ ಉಪಾಯ ಸರಳ. ತಂತಿ ಕುದುರೆಯ ಬಾಗಿಗೆ ಸುತ್ತಿಕೊಂಡಷ್ಟೂ ಕಂಪಿಸುವ ಉದ್ದ ಕಡಿಮೆಯಾಗುತ್ತದೆ. ಮೇಲೆದ್ದಾಗ ಪೂರ್ತಿ ಉದ್ದ ಮರಳುತ್ತದೆ. ಹಾಗಾಗಿ ಪ್ರತಿ ಸ್ಯಾಂಪಲ್‌ನಲ್ಲೂ ತಂತಿಯ ಬೆಲೆ ಒಂದು ದಿಕ್ಕಿನಲ್ಲಿದ್ದರೆ ವಿಳಂಬವನ್ನು ಅದಕ್ಕೆ ತಕ್ಕಷ್ಟು ಮೊಟಕುಗೊಳಿಸುವುದು, ಇನ್ನೊಂದು ದಿಕ್ಕಿನಲ್ಲಿದ್ದರೆ ಮುಟ್ಟದಿರುವುದು. ಪೂರ್ತಿ ಜೋರಿನಲ್ಲಿ ಮೊಟಕಾಗುವುದು ಒಂದೆರಡು ಸ್ಯಾಂಪಲ್, 636ರ ಮುಂದೆ ಲೆಕ್ಕಕ್ಕೇ ಸಿಗದಷ್ಟು. ಲಗ್ರಾಂಜ್ ಸೂತ್ರ ಬೇಕಾಗಿದ್ದದ್ದು ಇದಕ್ಕಾಗಿ.

ಪರೀಕ್ಷೆಯನ್ನು ರಾಮನ್ ಹೇಳಿದ ಹಾಗೆಯೇ ಮಾಡಿದೆ. ಮೀಟುವ ಸದ್ದಿನಿಂದ, ಅದನ್ನೇ ಅರ್ಧ ಬಫರಿನಷ್ಟು ತಡವಾಗಿಸಿ ಕಳೆದರೆ ಸರಿಯಾಗಿ ನಡುವೆ ಮೀಟಿದಂತಾಗುತ್ತದೆ. ಜವಾರಿಯನ್ನು, ಅಂದರೆ ಈ ಮೊಟಕಿನ ಪ್ರಮಾಣವನ್ನು, ಸೊನ್ನೆಗೆ ಇಟ್ಟು ಮಂದ್ರ ತಂತಿಯನ್ನು ನುಡಿಸಿ ರೋಹಿತವನ್ನು, ಅಂದರೆ ಯಾವ ಕಂಪನ ಎಷ್ಟು ಜೋರಾಗಿದೆ ಎಂಬ ಚಿತ್ರವನ್ನು, ಪರದೆಯ ಮೇಲೆ ತೆಗೆದೆ. 69 ಹರ್ಟ್ಜ್ ಬಳಿ ಒಂದು ಗೋಪುರ, 208ರ ಬಳಿ ಇನ್ನೊಂದು, 346ರಲ್ಲಿ ಮತ್ತೊಂದು. ನಡುವಿನ ಜಾಗಗಳು ಬರಿದು. ಯಂಗ್‌ನ ನಿಯಮ ಹೇಳಿದ ಹಾಗೆಯೇ. ಆಮೇಲೆ ಜವಾರಿಯ ಬೆಲೆಯನ್ನು ಮೆಲ್ಲಗೆ ಏರಿಸುತ್ತಾ ಹೋದೆ. ಬರಿದಾಗಿದ್ದ 139ರಲ್ಲಿ, 277ರಲ್ಲಿ ಮೊಳಕೆಗಳು ಎದ್ದವು; ಮೀಟಿದ ಕ್ಷಣದಲ್ಲಿ ಅಲ್ಲ, ಸ್ವಲ್ಪ ತಡವಾಗಿ, ಒಂದರ ಹಿಂದೆ ಒಂದು. ಅದೇ ಹೊತ್ತಿಗೆ ಕಿವಿಯಲ್ಲಿ ಗಿಟಾರ್ ಕರಗಿ ತಂಬೂರಿ ತೆರೆದುಕೊಂಡಿತು. ನೂರು ವರ್ಷಗಳ ಹಿಂದಿನ ಒಂದು ವಾಕ್ಯ ನಾನು ಬರೆದ ಮೂರು ಸಾಲಿನಲ್ಲಿ ನಿಜವಾಗುವುದನ್ನು ನೋಡಿದ ಆ ಸಂಜೆಗಾಗಿ ಈ ಕೆಲಸವನ್ನು ಎಷ್ಟು ಸಲ ಬೇಕಾದರೂ ಮತ್ತೆ ಮಾಡಬಲ್ಲೆ.

ಇನ್ನೂ ದೊಡ್ಡ ಉಡುಗೊರೆ 346.48ರಲ್ಲಿತ್ತು. ಅದು ಮಂದ್ರ ಷಡ್ಜದ ಐದನೆಯ ಹಾರ್ಮೋನಿಕ್, ಸಂಗೀತಗಾರರು ಸ್ವಯಂಭೂ ಗಾಂಧಾರ ಎನ್ನುವುದು ಇದನ್ನೇ. ಯಾವ ತಂತಿಗೂ ಗಾಂಧಾರ ಕಟ್ಟಿಲ್ಲ, ಆದರೂ ಅದು ಹಾಡುತ್ತದೆ. ಸಮಾನ ಅಂತರದಲ್ಲಿ ಶ್ರುತಿ ಮಾಡಿದ ಹಾರ್ಮೋನಿಯಂನಲ್ಲಿ ಅದೇ ಗಾಂಧಾರ 349.23 ಹರ್ಟ್ಜ್, ಎರಡನ್ನೂ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಮೂರರ ಹತ್ತಿರ ತೂಗಾಟ ಎದ್ದು ಕಿವಿ ಚುಚ್ಚುತ್ತದೆ. ಹಳೆಯ ಗಾಯಕರಿಗೆ ಹಾರ್ಮೋನಿಯಂ ಮೇಲೆ ಏಕೆ ಅಷ್ಟು ಅಸಮಾಧಾನ ಇತ್ತು ಎಂಬುದು ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ಕೇಳಿದವರಿಗೆ ವಿವರಿಸಬೇಕಾಗಿಲ್ಲ.

ಲ್ಯಾಪ್‌ಟಾಪಿನ ಸಣ್ಣ ಸ್ಪೀಕರಿನಿಂದ 69 ಹರ್ಟ್ಜ್ ಹೊರಡುವುದೇ ಇಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಆದರೂ ಮಂದ್ರ ಕೇಳಿಸುತ್ತದೆ. ಮೇಲಿನ ಹಾರ್ಮೋನಿಕ್‌ಗಳ ನಡುವಿನ ಅಂತರವನ್ನು ಹಿಡಿದು, ಇಲ್ಲದ ಮೂಲಸ್ವರವನ್ನು ಮಿದುಳೇ ಒದಗಿಸಿಕೊಳ್ಳುತ್ತದೆ. ಜವಾರಿ ತೆರೆದಷ್ಟೂ ಈ ಕೆಲಸ ಅದಕ್ಕೆ ಸುಲಭ.

ಜವಾರಿಯ ಜೊತೆಗೆ ಎರಡು ತೊಡಕುಗಳು ಬಂದವು. ಒಂದೇ ದಿಕ್ಕಿನಲ್ಲಿ ಮೊಟಕುಗೊಳಿಸುವುದರಿಂದ ಅಲೆಯ ಮಧ್ಯರೇಖೆ ಮೆಲ್ಲನೆ ಒಂದು ಬದಿಗೆ ಸರಿಯುತ್ತದೆ. ಕೆಲವು ಮೀಟುಗಳ ನಂತರ ಇಡೀ ತಂತಿ ಕುದುರೆಗೆ ಅಂಟಿಕೊಂಡಂತಾಗಿ ದನಿ ಒಣಗುತ್ತದೆ. ಲೂಪಿನೊಳಗೆ ಒಂದು ಪುಟ್ಟ ಫಿಲ್ಟರ್ ಇಟ್ಟು ಸೊನ್ನೆ ಹರ್ಟ್ಜ್ ಅನ್ನು ತಡೆದರೆ ಸಾಕು. ಎರಡನೆಯದು ವಿಚಿತ್ರ: ತಂಬೂರಿಯನ್ನು ನಿಲ್ಲಿಸಿ ಸುಮಾರು ನೂರು ಸೆಕೆಂಡು ಕಳೆದ ಮೇಲೆ ಪ್ರೊಸೆಸರಿನ ಹೊರೆ ಏರುತ್ತದೆ. ನುಡಿಯುವಾಗ ಇಲ್ಲದ ಶ್ರಮ ಮೌನದಲ್ಲಿ! ಕಾರಣ, ಬಫರಿನ ಸಂಖ್ಯೆಗಳು ಕುಗ್ಗುತ್ತಾ ಕುಗ್ಗುತ್ತಾ 32 ಬಿಟ್‌ನ ದಶಾಂಶ ಸಂಖ್ಯೆ ಸಹಜವಾಗಿ ಹಿಡಿಯಬಲ್ಲ ಅತಿ ಸಣ್ಣ ಬೆಲೆಗಿಂತ ಕೆಳಗೆ ಇಳಿಯುತ್ತವೆ. ಅಂಥ ಸಂಖ್ಯೆಗಳೊಡನೆ ಲೆಕ್ಕ ಮಾಡಲು ಅನೇಕ ಪ್ರೊಸೆಸರುಗಳಿಗೆ ಬಹಳ ಹೆಚ್ಚು ಹೊತ್ತು ಬೇಕು. ಎಂಟು ಸೆಕೆಂಡಿಗೆ 60 ಡೆಸಿಬೆಲ್ ಇಳಿಯುವ ತಂತಿ ಆ ಗಡಿ ಮುಟ್ಟಲು ಬೇಕಾಗುವುದು ನೂರು ಸೆಕೆಂಡೇ ಎಂದು ಲೆಕ್ಕ ಹಾಕಿ ತಾಳೆ ನೋಡಿದಾಗ ಸಮಾಧಾನವಾಯಿತು. ಕೇಳಿಸದಷ್ಟು ಸಣ್ಣದಾದ ಬೆಲೆಯನ್ನು ನೇರವಾಗಿ ಸೊನ್ನೆ ಮಾಡುವ ಒಂದು ಸಾಲು ಸೇರಿಸಿದೆ.

ಬ್ರೌಸರಿನ ಕಡೆಯ ಕೆಲಸ ಹೆಚ್ಚೇನಿಲ್ಲ. ಧ್ವನಿಯನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕಲು ಬ್ರೌಸರ್ ಕೊಡುವ ಆಡಿಯೊ ವರ್ಕ್‌ಲೆಟ್ ಒಂದು ಸಲಕ್ಕೆ 128 ಸ್ಯಾಂಪಲ್ ಕೇಳುತ್ತದೆ, ಅಂದರೆ ಪ್ರತಿ 2.9 ಮಿಲಿಸೆಕೆಂಡಿಗೆ ಉತ್ತರ ಸಿದ್ಧವಿರಬೇಕು. ಆ ಫಂಕ್ಷನ್ನಿನೊಳಗೆ ಹೊಸ ಆಬ್ಜೆಕ್ಟ್ ಯಾವುದನ್ನೂ ಸೃಷ್ಟಿಸಬಾರದು. ಸ್ಯಾಂಪಲ್ ದರವನ್ನು ಸಾಧನದಿಂದಲೇ ಕೇಳಿ ತಿಳಿಯಬೇಕು. 44,100 ಎಂದು ಬರೆದಿಟ್ಟ ಲೆಕ್ಕ 48,000ದ ಸಾಧನದಲ್ಲಿ ನುಡಿದರೆ ಶ್ರುತಿ ಸುಮಾರು 147 ಸೆಂಟ್ ಮೇಲೇರುತ್ತದೆ.

ಬೆರಳು

ಶ್ರುತಿಯಲ್ಲಿ ಅಲುಗಾಟ ಕೂಡದು ಎಂದೆ. ಕಾಲದಲ್ಲಿ ಅಲುಗಾಟ ಬೇಕೇ ಬೇಕು. ಸರಿಯಾಗಿ ಒಂದು ಸೆಕೆಂಡಿಗೊಂದು ಮೀಟು ಬಿದ್ದರೆ ಅದು ತಾಳವಾಗಿಬಿಡುತ್ತದೆ, ಗಾಯಕನ ತಾಳದೊಡನೆ ಜಗಳಕ್ಕೆ ನಿಲ್ಲುತ್ತದೆ. ತಂಬೂರಿ ಹಿಡಿದವರ ಮೊದಲ ಪಾಠವೇ ತಬಲೆಗೆ ಕಿವಿಗೊಟ್ಟು ಮೀಟಬಾರದು ಎಂಬುದು.

ಆದರೆ ಎಂಥ ಅಲುಗಾಟ? ಪ್ರತಿ ಮೀಟಿಗೂ ಬೇರೆ ಬೇರೆಯಾಗಿ ಯಾದೃಚ್ಛಿಕ ಸಂಖ್ಯೆ ತೆಗೆದು ಹಿಂದೆ ಮುಂದೆ ಸರಿಸಿದರೆ ಬೆರಳು ತಡವರಿಸಿದಂತೆ ಕೇಳುತ್ತದೆ. ಮನುಷ್ಯನ ಕೈ ಹಾಗೆ ತಪ್ಪುವುದಿಲ್ಲ. ತುಸು ನಿಧಾನವಾದರೆ ಕೆಲವು ಸುತ್ತು ನಿಧಾನವಾಗಿಯೇ ಇರುತ್ತದೆ, ಮತ್ತೆ ಮೆಲ್ಲಗೆ ಚುರುಕಾಗುತ್ತದೆ. ಈಗಿನ ಏರುಪೇರಿಗೆ ಹಿಂದಿನ ನೆನಪು ಇರುತ್ತದೆ. ತಾಳ ಹಿಡಿಯುವವರ ಸೂಕ್ಷ್ಮ ಏರುಪೇರುಗಳಲ್ಲಿ ಇಂಥ ದೀರ್ಘ ನೆನಪು ಇದೆಯೆಂದೂ, ಕೇಳುಗರು ಅದನ್ನು ನೆನಪಿಲ್ಲದ ಏರುಪೇರಿಗಿಂತ ಮೆಚ್ಚುತ್ತಾರೆಂದೂ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳುತ್ತದೆ. ಸಂಗೀತದಲ್ಲೂ ಮಾತಿನಲ್ಲೂ ಇದೇ ಬಗೆಯ ಏರಿಳಿತವನ್ನು ರಿಚರ್ಡ್ ವಾಸ್ ಮತ್ತು ಜಾನ್ ಕ್ಲಾರ್ಕ್ 1975ರಲ್ಲೇ ಕಂಡಿದ್ದರು.

ಅದನ್ನು ಕೋಡಿಗೆ ತರಲು ವಾಸ್‌ರ ದಾಳದ ಉಪಾಯ ಸಾಕು. ನಾಲ್ಕು ದಾಳಗಳು. ಮೊದಲನೆಯದನ್ನು ಪ್ರತಿ ಮೀಟಿಗೂ ಎಸೆಯಬೇಕು, ಎರಡನೆಯದನ್ನು ಎರಡು ಮೀಟಿಗೊಮ್ಮೆ, ಮೂರನೆಯದನ್ನು ನಾಲ್ಕಕ್ಕೊಮ್ಮೆ, ನಾಲ್ಕನೆಯದನ್ನು ಎಂಟಕ್ಕೊಮ್ಮೆ. ಆ ಮೀಟು ಎಷ್ಟು ಹಿಂದೆ ಮುಂದೆ ಸರಿಯಬೇಕೆಂಬುದೇ ನಾಲ್ಕರ ಮೊತ್ತ. ಅಪರೂಪಕ್ಕೆ ಎಸೆಯುವ ದಾಳ ದೀರ್ಘ ಒಲವನ್ನು ಹಿಡಿದಿಡುತ್ತದೆ, ಪದೇ ಪದೇ ಎಸೆಯುವುದು ಸಣ್ಣ ಚಂಚಲತೆಯನ್ನು ಕೊಡುತ್ತದೆ. ಇದನ್ನು ಹಾಕಿದ ಮೇಲೆ ನನ್ನ ಕಿವಿ ಕಾಯುವುದನ್ನು ಬಿಟ್ಟಿತು. ಮೀಟಿನ ಜೋರಿಗೂ, ಬೆರಳು ತಂತಿಯ ಯಾವ ಜಾಗಕ್ಕೆ ತಾಕುತ್ತದೆ ಎಂಬುದಕ್ಕೂ ಇದೇ ದಾಳಗಳನ್ನು ಬಳಸಿದ್ದೇನೆ.

ಪರೀಕ್ಷೆ ಮತ್ತು ಟಿಪ್ಪಣಿ

ಶ್ರುತಿಗೆ ಸ್ವಯಂಚಾಲಿತ ಪರೀಕ್ಷೆ ಬರೆಯಬಹುದು, ಬರೆದಿದ್ದೇನೆ: ಹನ್ನೆರಡು ಮನೆಗಳಲ್ಲೂ ಜವಾರಿಯಿಲ್ಲದೆ ನುಡಿಸಿ ಅಳೆದಾಗ ಯಾವ ತಂತಿಯಾದರೂ 0.1 ಸೆಂಟ್‌ಗಿಂತ ಆಚೆ, ತನಗೆ ಗೊತ್ತುಮಾಡಿದ ಶ್ರುತಿಯಿಂದ ದೂರ ಹೋದರೆ, ಬಿಲ್ಡ್ (ಕೋಡಿನಿಂದ ಪ್ರೋಗ್ರಾಂ ಸಿದ್ಧಪಡಿಸುವ ಹಂತ) ನಿಲ್ಲುತ್ತದೆ. ತಂತಿ ಆರುವ ಕಾಲ, ಮಧ್ಯರೇಖೆಯ ಸರಿತ, ಇವನ್ನೂ ಹಾಗೆಯೇ ಕಟ್ಟಿಹಾಕಬಹುದು. ಜವಾರಿ ಚೆನ್ನಾಗಿದೆಯೇ ಎಂಬುದಕ್ಕೆ ಪರೀಕ್ಷೆ ಬರೆಯಲು ನನಗೆ ಬರುವುದಿಲ್ಲ, ಬರೆಯಬೇಕೆಂಬ ಆಸೆಯೂ ಇಲ್ಲ. ಅದನ್ನು ಕೂತು ಕೇಳಬೇಕು.

ವೃತ್ತಿಯ ಕೋಡಿನಲ್ಲೂ ಇಂಥ ಬೆಲೆಗಳು ಇರುತ್ತವೆ. ಎಷ್ಟು ಹೊತ್ತು ಕಾದು ಮತ್ತೆ ಪ್ರಯತ್ನಿಸಬೇಕು, ಪರದೆಯ ಚಲನೆ ಎಷ್ಟು ಮಿಲಿಸೆಕೆಂಡಿನಲ್ಲಿ ಮುಗಿಯಬೇಕು, ಇವನ್ನು ಯಾರೋ ಒಬ್ಬರು ಅನುಭವದಿಂದ ನಿರ್ಧರಿಸಿ ಬರಿಯ ಸಂಖ್ಯೆಯಾಗಿ ಬಿಟ್ಟುಹೋಗಿರುತ್ತಾರೆ. ಆಮೇಲೆ ಬಂದವರಿಗೆ ಅದು ಮುಟ್ಟಬಹುದಾದದ್ದೋ, ಮುಟ್ಟಬಾರದ್ದೋ ತಿಳಿಯುವುದಿಲ್ಲ. ಕಿವಿಯಿಂದ ಆರಿಸಿದ ಬೆಲೆಗೆ ಕೇಳಿದ್ದನ್ನೇ ಟಿಪ್ಪಣಿಯಾಗಿ ಬರೆಯಬೇಕು ಎಂಬುದು ನನ್ನ ಪಟ್ಟು. ಜವಾರಿಯ ಸಾಲಿನ ಪಕ್ಕದಲ್ಲಿ ಹೀಗಿದೆ: “ಇದಕ್ಕಿಂತ ಹೆಚ್ಚಿಸಿದರೆ ಮಂದ್ರ ಬುಸುಗುಡುತ್ತದೆ, ಅರ್ಧಕ್ಕಿಂತ ಕಡಿಮೆಯಾದರೆ ಗಾಂಧಾರ ಏಳುವುದಿಲ್ಲ.” ಅನುಸಾರಣಿಯ ಸಾಲಿನಲ್ಲಿ: “ಈ ಅಂತರ ಬೇಕೆಂದೇ ಇಟ್ಟದ್ದು.” ಕೊನೆಯ ಈ ಒಂದು ವಾಕ್ಯ ನಾನು ಓದುವ ಪ್ರತಿಯೊಂದು ಹಳೆಯ ಕೋಡಿನಲ್ಲೂ ಇರಬಾರದೇ ಎಂದು ಎಷ್ಟೋ ಸಲ ಅನ್ನಿಸಿದೆ.

ರಾಗಕ್ಕೆ ತಕ್ಕ ಶ್ರುತಿ

ಪಂಚಮವಿಲ್ಲದ ರಾಗಗಳಿಗೆ ಮೊದಲ ತಂತಿಯನ್ನು ಬದಲಿಸಬೇಕು. ಮಾಲಕಂಸಕ್ಕೆ ಮಧ್ಯಮ, ಮಾರವಾಕ್ಕೆ ನಿಷಾದ. ಮೊದಲು ಇದು ಬರಿಯ ಅನುಪಾತದ ಬದಲಾವಣೆ ಎನಿಸಿತು: 3/2 ಇದ್ದಲ್ಲಿ 4/3 ಅಥವಾ 15/8. ಹಾರ್ಮೋನಿಕ್‌ಗಳನ್ನು ಲೆಕ್ಕ ಹಾಕಿದಾಗ ಬೇರೆಯೇ ಚಿತ್ರ ಸಿಕ್ಕಿತು. ನಿಷಾದದ ಮೂರನೆಯ ಹಾರ್ಮೋನಿಕ್ ತೀವ್ರ ಮಧ್ಯಮ. ಅದು ಮಾರವಾದ ಸ್ವರವೇ, ಹಾಗಾಗಿ ತಂಬೂರಿಯೇ ರಾಗದ ನೆರಳನ್ನು ಬೀಳಿಸುತ್ತದೆ. ಆದರೆ ಅದೇ ತಂತಿಯ ಐದನೆಯ ಹಾರ್ಮೋನಿಕ್ ಷಡ್ಜದಿಂದ 275 ಸೆಂಟ್ ದೂರದಲ್ಲಿ, ಕೋಮಲ ಗಾಂಧಾರದ ಸುತ್ತಮುತ್ತ ಬೀಳುತ್ತದೆ. ಮಾರವಾದಲ್ಲಿ ಅದಕ್ಕೆ ಜಾಗವಿಲ್ಲ, ಮಂದ್ರ ತಂತಿಯ ಸ್ವಯಂಭೂ ಗಾಂಧಾರದೊಡನೆ ಅದು ಹೊಂದುವುದೂ ಇಲ್ಲ. ಪಂಚಮದ ತಂತಿಗೂ ಇಂಥದ್ದೇ ತಕರಾರು ಇದೆ: ಅದರ ಮೂರನೆಯ ಹಾರ್ಮೋನಿಕ್ ಶುದ್ಧ ರಿಷಭ, ಕೋಮಲ ರಿಷಭದ ಭೈರವಕ್ಕೋ ತೋಡಿಗೋ ಕೂತಾಗ ಅದು ಹಿತವಾಗಿರುವುದಿಲ್ಲ.

ಹಾಗಾಗಿ ಜವಾರಿಯನ್ನು ನಾಲ್ಕೂ ತಂತಿಗಳಿಗೆ ಸೇರಿಸಿ ಒಂದೇ ಬೆಲೆಯಾಗಿ ಇಡುವುದನ್ನು ಬಿಟ್ಟೆ. ಪ್ರತಿ ತಂತಿಗೂ ತನ್ನದೇ ಜೀವಾಳ. ನಿಷಾದಕ್ಕೆ ಕಟ್ಟಿದಾಗ ಮೊದಲ ತಂತಿಯ ಜವಾರಿಯನ್ನು ಸಾಕಷ್ಟು ಮುಚ್ಚುತ್ತೇನೆ, ಮಂದ್ರದ್ದನ್ನು ತೆರೆದೇ ಇಡುತ್ತೇನೆ. ತಂಬೂರಿ ಶ್ರುತಿ ಮಾಡುವವರು ನಾಲ್ಕು ದಾರಗಳನ್ನೂ ಬೇರೆ ಬೇರೆಯಾಗಿ ಸರಿಸುತ್ತಾ ಅಷ್ಟು ಹೊತ್ತು ಕೂರುವುದು ಇದಕ್ಕಾಗಿಯೇ.

ಇನ್ನು ಉಳಿದದ್ದು ತಂತಿಗಳ ನಡುವಿನ ಮಾತುಕತೆ. ನಾಲ್ಕೂ ಒಂದೇ ಕುದುರೆಯ ಮೇಲಿರುವುದರಿಂದ ಒಂದರ ಕಂಪನ ಇನ್ನೊಂದಕ್ಕೆ ಹರಿಯುತ್ತದೆ. ಪ್ರತಿ ತಂತಿಯ ಹೊರಹರಿವಿನ ಸಣ್ಣ ಪಾಲನ್ನು ಉಳಿದ ಮೂರಕ್ಕೆ ಸೇರಿಸಿದೆ; ಬೇರೆ ಬೇರೆಯಾಗಿ ನಿಂತಿದ್ದ ನಾಲ್ಕು ತಂತಿಗಳು ಒಂದೇ ವಾದ್ಯವಾದವು. ಪಾಲು ಎಷ್ಟಿರಬೇಕೆಂಬುದಕ್ಕೆ ಮಿತಿ ಇದೆ. ಮಧ್ಯ ಷಡ್ಜದ ತಂತಿ ಪ್ರತಿ ಸುತ್ತಿನಲ್ಲಿ ಕಳೆದುಕೊಳ್ಳುವುದು 0.0062 ಭಾಗ ಮಾತ್ರ. ಅದರ ಜೋಡಿಯಿಂದಲೂ ಮಂದ್ರದ ಎರಡನೆಯ ಹಾರ್ಮೋನಿಕ್‌ನಿಂದಲೂ ಮರಳಿ ಬರುವುದು ಅದನ್ನು ಮೀರಿದರೆ ನಾದ ಆರುವ ಬದಲು ಬೆಳೆಯುತ್ತಾ ಹೋಗಿ ಕಿರುಚುತ್ತದೆ. 0.002ರಲ್ಲಿ ಇಟ್ಟರೆ ಎರಡೂ ಸೇರಿ 0.004, ಮಿತಿಯೊಳಗೆ ನೆಮ್ಮದಿಯಾಗಿದೆ. ನಿಷಾದದ ಶ್ರುತಿಯಲ್ಲಿ ಮೊದಲ ತಂತಿಯಿಂದ ಹೊರಡುವ ಪಾಲನ್ನು ಇದರ ಅರ್ಧಕ್ಕೆ ಇಳಿಸಿದ್ದೇನೆ. ಬುರುಡೆಯ ಅನುರಣನಕ್ಕೆ ಸದ್ಯ ಮೂರು ಫಿಲ್ಟರುಗಳನ್ನು ಅಂದಾಜಿನಿಂದ ಕೂರಿಸಿದೆ. ಅವುಗಳ ಜಾಗಕ್ಕೆ ನಿಜವಾದ ಬುರುಡೆಯನ್ನು ತಟ್ಟಿ ಅಳೆದ ಬೆಲೆಗಳನ್ನು ತರುವುದು ಮುಂದಿನ ಕೆಲಸ.